ಹೊಟ್ಟೆಗೆ ಹಾಕಿಕೊಂಡದ್ದು

ಮೊದಲ ದಿನ ಅವಳ ಜೊತೆ ಬಂದವರು ಅಪ್ಪ. ಅವರ ದೂರು ಎರಡು. ಮಗಳು ಪುಸ್ತಕ ಮುಟ್ಟುತ್ತಿಲ್ಲ. ಮನೆಯ ಮೇಲಿನ ಟ್ಯಾಂಕ್ ಬೆಳಗಾಗುವಷ್ಟರಲ್ಲಿ ಖಾಲಿ. ಬಚ್ಚಲಿಗೆ ಹೋದರೆ ಅರ್ಧ ಗಂಟೆ ನಲ್ಲಿ ಬಿಟ್ಟುಕೊಂಡೇ ಇರುತ್ತಾಳೆ. ಎರಡನೆಯದನ್ನು ತಮಾಷೆಗೆಂಬಂತೆ ಹೇಳಿದರು. ನಾನೂ ನಕ್ಕೆ. ನೀರು ಎರಡು ದಿನಕ್ಕೊಮ್ಮೆ ಬರುವ ಬಡಾವಣೆಯಲ್ಲಿ ಅದು ನ್ಯಾಯವಾದ ದೂರೇ. ಆದರೆ ಹದಿನಾಲ್ಕು ವರ್ಷ ಆಪ್ತಸಲಹೆಯ ಈ ಕುರ್ಚಿಯಲ್ಲಿ ಕೂತ ಮೇಲೆ ಆ ನಲ್ಲಿಯ ಸದ್ದು ನನ್ನ ಕಿವಿಗೆ ಬೀಳಬೇಕಿತ್ತು. ಬೀಳಲಿಲ್ಲ.

ಅವಳನ್ನು ಇಲ್ಲಿ ಸಿಂಧು ಎಂದು ಕರೆಯುತ್ತೇನೆ. ಹೆಸರು, ಊರು, ಓದು, ಮನೆಯವರ ಉದ್ಯೋಗ ಎಲ್ಲ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ಬರೆದದ್ದನ್ನು ಓದಿ ಎರಡು ಕಡೆ ಗೆರೆ ಹೊಡೆದೂ ಕೊಟ್ಟಿದ್ದಾಳೆ. ತೂಕ ಎಷ್ಟಿತ್ತು, ಎಷ್ಟಾಯಿತು, ವಾಂತಿ ಹೇಗೆ ಮಾಡಿಕೊಳ್ಳುತ್ತಿದ್ದಳು ಎಂಬ ವಿವರ ಇಲ್ಲಿ ಸಿಗುವುದಿಲ್ಲ. ಊಟದ ಸುತ್ತಲಿನ ಈ ಕಾಯಿಲೆ ಇರುವ ಎಷ್ಟೋ ಮಕ್ಕಳು ಇಂಥ ಬರಹ ಹುಡುಕುವುದು ಆ ಅಂಕಿಗಳಿಗಾಗಿಯೇ, ಪೈಪೋಟಿಗೆ ಬಿದ್ದವರ ಹಾಗೆ.

ಇಪ್ಪತ್ತರ ಹುಡುಗಿ, ಬಿಎಸ್ಸಿ ಎರಡನೇ ವರ್ಷ. ನೋಡುವವರ ಕಣ್ಣಿಗೆ ಸಣಕಲೂ ಅಲ್ಲ, ದಪ್ಪವೂ ಅಲ್ಲ. ನಿದ್ದೆ ಕೆಟ್ಟಿತ್ತು, ಕ್ಲಾಸು ತಪ್ಪಿತ್ತು, ಗೆಳತಿಯರ ಮೆಸೇಜಿಗೆ ಉತ್ತರವಿಲ್ಲ. ಏನಾಗುತ್ತಿದೆ ಎಂದರೆ ಒಂದೇ ಮಾತು: ‘ಏನೋ ಒಂಥರಾ ಆಗುತ್ತೆ ಮೇಡಂ.’ ಪಿಎಚ್‌ಕ್ಯೂ-9 ಹಾಳೆ ಕೊಟ್ಟೆ. ಖಿನ್ನತೆ ಎಷ್ಟಿದೆಯೆಂದು ಅಳೆಯಲು ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಅವಳಿಗೆ 17 ಬಂತು. ಸಣ್ಣ ಖಿನ್ನತೆಯಲ್ಲ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅಲ್ಲಿ ‘ಕೆಲವು ದಿನ’ ಎಂದು ಗುರುತಿತ್ತು. ಅಪ್ಪನನ್ನು ಹೊರಗೆ ಕೂರಿಸಿ ನೇರವಾಗಿ ಕೇಳಿದೆ. ‘ಇಲ್ದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ. ಏನೂ ಮಾಡ್ಕೊಳ್ಳಲ್ಲ’ ಎಂದಳು. ಹಾಗನ್ನಿಸುವ ರಾತ್ರಿ ಮನೆಯಲ್ಲಿ ಯಾರನ್ನು ಎಬ್ಬಿಸಬೇಕು, ನನಗೆ ಯಾವಾಗ ಫೋನ್ ಮಾಡಬಹುದು ಎಂದು ಬರೆದುಕೊಟ್ಟೆ. ಟೆಲಿ-ಮಾನಸ್‌ನ 14416 ಅನ್ನು ಅವಳ ಕೈಯಲ್ಲೇ ಫೋನಿಗೆ ಹಾಕಿಸಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಅದು. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

ಇಷ್ಟು ಸರಿಯಾಗಿಯೇ ಮಾಡಿದೆ. ತಪ್ಪಿದ್ದು ಐದನೆಯ ಪ್ರಶ್ನೆಯಲ್ಲಿ. ‘ಹಸಿವಾಗದಿರುವುದು ಅಥವಾ ಅತಿಯಾಗಿ ತಿನ್ನುವುದು’ ಎಂದು ಅಲ್ಲಿ ಎರಡು ವಿರುದ್ಧ ಸಂಗತಿಗಳನ್ನು ಒಂದೇ ಸಾಲಿನಲ್ಲಿ ಕಟ್ಟಿಹಾಕಿದ್ದಾರೆ. ಸಿಂಧು ‘ಹೆಚ್ಚುಕಡಿಮೆ ಪ್ರತಿದಿನ’ ಎಂದು ಗುರುತು ಹಾಕಿದ್ದಳು. ಯಾವುದು, ತಿನ್ನದಿರುವುದೋ ತಿನ್ನುವುದೋ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ‘ಎರಡೂ’ ಅನ್ನುತ್ತಿದ್ದಳು. ಖಿನ್ನತೆಯಲ್ಲಿ ಊಟ ಹೆಚ್ಚುಕಮ್ಮಿ ಆಗುವುದು ಇದ್ದದ್ದೇ ಎಂದು ಮುಂದಿನ ಸಾಲಿಗೆ ಹೋದೆ. ಮೂರು ಭೇಟಿಗಳು ನಿದ್ದೆಯ ಹೊತ್ತು, ಬೆಳಗಿನ ವಾಕಿಂಗು, ಓದಿನ ವೇಳಾಪಟ್ಟಿಯಲ್ಲಿ ಕಳೆದವು. ವಾಕಿಂಗ್ ಹೇಳಿದ್ದಂತೂ ಉರಿಯುವುದಕ್ಕೆ ತುಪ್ಪ ಸುರಿದಂತಾಯಿತು. ಅರ್ಧ ಗಂಟೆ ಎಂದಿದ್ದೆ. ಅವಳು ಕುಕ್ಕರಹಳ್ಳಿ ಕೆರೆಯನ್ನು ದಿನಕ್ಕೆ ಮೂರು ಸುತ್ತು ಹಾಕತೊಡಗಿದ್ದಳಂತೆ.

ಗುಟ್ಟು ರಟ್ಟಾದದ್ದು ಗೌರಿ ಹಬ್ಬದಲ್ಲಿ. ಹಿಂದಿನ ದಿನ ಅಮ್ಮ ಚಕ್ಕುಲಿ ಕರಿದು ಸ್ಟೀಲ್ ಡಬ್ಬಕ್ಕೆ ತುಂಬಿದ್ದರು. ಬೆಳಿಗ್ಗೆ ಬಾಗಿನದ ಜೊತೆಗೆ ಇಡೋಣವೆಂದು ಮುಚ್ಚಳ ತೆಗೆದರೆ ತಳದಲ್ಲಿ ಎಣ್ಣೆ ಹೀರಿದ ಪೇಪರು, ಅದರ ಮೇಲೆ ನಾಲ್ಕು ಚೂರು. ಅನುಮಾನ ಮನೆಕೆಲಸದಾಕೆಯ ಮೇಲೆ ಬಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹಬ್ಬದ ದಿನ ಆಕೆಗೆ ಕೊಡಬೇಕಾದ ಸೀರೆ ಬೀರುವಿನಲ್ಲೇ ಉಳಿಯಿತು.

ಎರಡು ದಿನ ಕಳೆದು ಸಿಂಧು ಅಪಾಯಿಂಟ್‌ಮೆಂಟ್ ಇಲ್ಲದೆ, ಒಬ್ಬಳೇ, ಮಧ್ಯಾಹ್ನದ ಬಿಸಿಲಲ್ಲಿ ಬಂದಳು. ಕೂರಲಿಲ್ಲ. ‘ಡಬ್ಬ ಖಾಲಿ ಮಾಡಿದ್ದು ನಾನು ಮೇಡಂ. ಆಮೇಲೆ ಅದನ್ನ ಹೊಟ್ಟೇಲಿ ಇಟ್ಕೊಂಡೂ ಇಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರಿಗೆ ಸೀರೆ ಕೊಡ್ಲಿಲ್ಲ’ ಎಂದಳು. ಅಳು ಬಂದದ್ದು ಎರಡನೆಯ ಮಾತಿಗೆ.

ಅವತ್ತು ಎರಡು ಗಂಟೆ ಕೂತೆವು. ನಲ್ಲಿಯ ಸದ್ದಿನ ಅರ್ಥ ಅವತ್ತು ಆಯಿತು.

ಶುರುವಾದದ್ದು ಎರಡನೇ ಪಿಯುಸಿಯಲ್ಲಿ, ಗುರುವಾರದ ಒಪ್ಪತ್ತಿನಿಂದ. ರಾಯರಿಗೆಂದು ಗುರುವಾರ, ಆಮೇಲೆ ಆಂಜನೇಯನಿಗೆ ಶನಿವಾರ, ತಿಂಗಳಿಗೊಂದು ಸಂಕಷ್ಟಿ, ಎರಡು ಏಕಾದಶಿ. ಮನೆಯಲ್ಲಿ ಸಂಭ್ರಮ. ಈ ಕಾಲದ ಹುಡುಗಿಗೆ ಎಷ್ಟು ಭಕ್ತಿ ಎಂದು ಅಜ್ಜಿ ಬಂದವರಿಗೆಲ್ಲ ಹೇಳಿಕೊಂಡರು. ನಮ್ಮ ಮನೆಗಳಲ್ಲಿ ಊಟ ತಪ್ಪಿಸಲು ವ್ರತದಷ್ಟು ಒಳ್ಳೆಯ ಮರೆ ಬೇರೆ ಇಲ್ಲ. ನಾನು ವ್ರತಗಳ ವಿರೋಧಿಯೇನಲ್ಲ. ನಮ್ಮತ್ತೆ ನಲವತ್ತು ವರ್ಷ ಏಕಾದಶಿ ಮಾಡಿದವರು, ದ್ವಾದಶಿಯ ಬೆಳಿಗ್ಗೆ ಅವರಷ್ಟು ಖುಷಿಯಾಗಿ ಪಾರಣೆ ಮಾಡುತ್ತಿದ್ದವರನ್ನು ನಾನು ನೋಡಿಲ್ಲ. ವ್ಯತ್ಯಾಸ ಅಲ್ಲೇ ಇದೆ. ಉಪವಾಸಕ್ಕೆ ಪಾರಣೆ ಇರುತ್ತದೆ. ಸಿಂಧುವಿನ ಉಪವಾಸಕ್ಕೆ ಪಾರಣೆ ಇರಲಿಲ್ಲ. ಅದು ಮುರಿಯುತ್ತಿದ್ದುದು ರಾತ್ರಿ ಹನ್ನೊಂದಕ್ಕೆ, ಅಡಿಗೆಮನೆಯ ಲೈಟು ಹಾಕದೆ, ಫ್ರಿಜ್ಜಿನ ಬೆಳಕಲ್ಲಿ, ನಿಂತುಕೊಂಡು. ರುಚಿ ಗೊತ್ತಾಗುವುದಿಲ್ಲ, ನಿಲ್ಲಿಸುವುದು ತನ್ನ ಕೈಯಲ್ಲಿರುವುದಿಲ್ಲ ಎಂದಳು. ಆಮೇಲೆ ಬಚ್ಚಲು, ನಲ್ಲಿ. ಆಮೇಲೆ ಅರ್ಧ ಗಂಟೆ ಮಾತ್ರ ಮನಸ್ಸು ತಣ್ಣಗೆ. ಬೆಳಿಗ್ಗೆ ಎದ್ದರೆ ಅಸಹ್ಯ, ಆ ಅಸಹ್ಯಕ್ಕೆ ಪ್ರಾಯಶ್ಚಿತ್ತ ಮತ್ತೊಂದು ಉಪವಾಸ.

ಇದಕ್ಕೆ ಬುಲೀಮಿಯಾ ಎಂಬ ಹೆಸರಿದೆ. 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಇದನ್ನು ಹೆಸರಿಟ್ಟು ವಿವರಿಸಿದಾಗಲೇ ಈ ರೋಗಿಗಳಲ್ಲಿ ಖಿನ್ನತೆ ಗಾಢವಾಗಿರುವುದನ್ನೂ ಗುರುತಿಸಿದ್ದ. ಮೈತೂಕ ಸಾಮಾನ್ಯವಾಗಿಯೇ ಇರುವುದರಿಂದ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಿಂದುಂಡ ಮನೆಯ ಹುಡುಗಿಯರಿಗೆ ಮಾತ್ರ ಇಂಥದ್ದೆಲ್ಲ ಬರುತ್ತದೆ ಎಂದುಕೊಂಡವರಿಗೆ ಒಂದು ಮಾತು: ನನ್ನ ಬಳಿ ಬಂದವರಲ್ಲಿ ಹಾಸ್ಟೆಲ್ ಹುಡುಗರಿದ್ದಾರೆ, ನಲವತ್ತು ದಾಟಿದ ಗೃಹಿಣಿಯರಿದ್ದಾರೆ, ಮನೆಗೆಲಸ ಮಾಡುವ ತಾಯಿಯ ಮಗಳೂ ಇದ್ದಾಳೆ.

ನಾನು ಹೇಳಿದ ಮೊದಲ ಕೆಲಸ ಮನಸ್ಸಿನದಲ್ಲ, ರಕ್ತ ಪರೀಕ್ಷೆ ಮತ್ತು ಇಸಿಜಿ. ಪದೇ ಪದೇ ವಾಂತಿಯಾದರೆ ಮೈಯ ಪೊಟ್ಯಾಸಿಯಂ ಇಳಿಯುತ್ತದೆ, ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ಲಯ ತಪ್ಪಬಹುದು; ಹೊರಗೆ ಗೊತ್ತಾಗದೆ ಪ್ರಾಣಕ್ಕೆ ಎರವಾಗುವುದು ಅಲ್ಲಿ. ಸಿಂಧುವಿನ ಪೊಟ್ಯಾಸಿಯಂ ಕಡಿಮೆ ಬಂತು, ಇಸಿಜಿ ಪುಣ್ಯಕ್ಕೆ ಸರಿಯಿತ್ತು. ಹಲ್ಲಿನ ವೈದ್ಯರಿಗೂ ತೋರಿಸಿದೆವು. ವಾಂತಿಯಾದ ಕೂಡಲೇ ಅವಳು ಹಲ್ಲುಜ್ಜುತ್ತಿದ್ದಳು. ಆಮ್ಲದಿಂದ ಮೆತ್ತಗಾದ ಹಲ್ಲಿನ ಹೊದಿಕೆ ಬ್ರಷ್ಷಿಗೆ ಇನ್ನಷ್ಟು ಸವೆಯುತ್ತದೆ. ಬರೀ ನೀರಲ್ಲೋ ಚಿಟಿಕೆ ಅಡಿಗೆ ಸೋಡಾ ಹಾಕಿದ ನೀರಲ್ಲೋ ಬಾಯಿ ಮುಕ್ಕಳಿಸು, ಬ್ರಷ್ ಆಮೇಲೆ ಎಂದು ಡಾಕ್ಟರು ಹೇಳಿದರು.

ಕೆನ್ನೆಯ ವಿಷಯವನ್ನೂ ಹೇಳಬೇಕು. ಆ ವರ್ಷ ಮದುವೆಮನೆಗಳಲ್ಲಿ ಅವಳ ದೊಡ್ಡಮ್ಮ ‘ಕೆನ್ನೆ ತುಂಬಿಕೊಂಡಿದೆ, ಮೈ ಬಂದಿದೆಯಲ್ಲೇ’ ಎಂದು ಸಿಕ್ಕಾಗೆಲ್ಲ ಗಿಂಡುತ್ತಿದ್ದರಂತೆ. ಅದು ಮೈ ಬಂದದ್ದಲ್ಲ. ಪದೇ ಪದೇ ವಾಂತಿಯಿಂದ ಕಿವಿಯ ಬುಡದ ಜೊಲ್ಲುಗ್ರಂಥಿ ಊದಿಕೊಂಡದ್ದು. ಹುಡುಗಿ ಅದನ್ನು ಕೊಬ್ಬೆಂದುಕೊಂಡು ಮತ್ತೆರಡು ಹೊತ್ತು ಬಿಟ್ಟಳು, ರಾತ್ರಿ ಮತ್ತಷ್ಟು ತಿಂದಳು, ಗ್ರಂಥಿ ಮತ್ತಷ್ಟು ಊದಿತು. ದೊಡ್ಡಮ್ಮನದು ಅಕ್ಕರೆಯೇ. ನಮ್ಮಲ್ಲಿ ‘ದಪ್ಪ ಆಗಿದ್ದೀಯ’, ‘ಇಳಿದು ಹೋಗಿದ್ದೀಯ’ ಎಂಬುದು ‘ಚೆನ್ನಾಗಿದ್ದೀಯಾ’ ಎನ್ನುವುದರ ಇನ್ನೊಂದು ರೂಪ.

ಮನೆಯವರಿಗೆ ಹೇಳುವುದು ಸುಲಭವಾಗಲಿಲ್ಲ. ಅವಳು ವಯಸ್ಕಳು, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಗೋಪ್ಯತೆ ಅವಳ ಹಕ್ಕು. ‘ಅಪ್ಪ ಫೀಸು ಕೊಡುತ್ತಾರೆ, ವಿಷಯ ನಿನ್ನದು’ ಎಂದೆ. ಅಮ್ಮನಿಗೆ ಅವಳೇ ಹೇಳಿದಳು, ನನ್ನೆದುರು. ಅಮ್ಮ ಕೇಳಿದ ಮೊದಲ ಪ್ರಶ್ನೆ ‘ನಾನು ಸರಿಯಾಗಿ ಊಟಕ್ಕೆ ಹಾಕ್ತಿರಲಿಲ್ವಾ?’ ಸಂಜೆ ಮನೆಕೆಲಸದಾಕೆಯ ಮನೆಗೆ ತಾಯಿ ಮಗಳು ಇಬ್ಬರೂ ಸೀರೆ ತೆಗೆದುಕೊಂಡು ಹೋದರು. ಅದನ್ನು ನಾನು ಹೇಳಿಕೊಟ್ಟದ್ದಲ್ಲ.

ಅಪ್ಪನದು ಬೇರೆ ಬಗೆಯ ಗಟ್ಟಿತನ. ಭೌತಶಾಸ್ತ್ರದ ಮೇಷ್ಟ್ರು. ‘ಇದು ಹಠ. ಮೂಡು ಸರಿ ಮಾಡಿ, ಊಟ ತಾನೇ ಸರಿಹೋಗುತ್ತೆ’ ಎಂದರು. ಕಾರ್ಯಕಾರಣ ತಿರುಗಿಸಿ ಹಿಡಿದ ಮೇಷ್ಟ್ರಿಗೆ ಉಪದೇಶಕ್ಕಿಂತ ಪ್ರಯೋಗ ಹೇಳುವುದು ಮೇಲು ಅನ್ನಿಸಿತು. ಮಿನೆಸೋಟ ವಿಶ್ವವಿದ್ಯಾಲಯದ ಕತೆ ಹೇಳಿದೆ. ಎರಡನೇ ಮಹಾಯುದ್ಧದ ಕೊನೆಗೆ, 1944ರ ನವೆಂಬರಿನಲ್ಲಿ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಗಂಡಸರನ್ನು ಆರಿಸಿಕೊಂಡ. ಯುದ್ಧಕ್ಕೆ ಹೋಗಲೊಲ್ಲದ, ಆದರೆ ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿ ಇದ್ದ ಸ್ವಯಂಸೇವಕರು. 24 ವಾರ ಅವರಿಗೆ ಸುಮಾರು ಅರ್ಧ ಊಟ. ಯುರೋಪಿನಲ್ಲಿ ಹಸಿದ ಜನಕ್ಕೆ ಮತ್ತೆ ಉಣಿಸುವುದು ಹೇಗೆಂದು ತಿಳಿಯುವುದು ಉದ್ದೇಶ. ಗೊತ್ತಾದದ್ದು ಬೇರೆಯೂ ಇತ್ತು. ಆ ಗಂಡಸರು ಮಂಕಾದರು, ಸಿಡುಕಾದರು, ಗೆಳೆಯರಿಂದ ದೂರವಾದರು. ಅಡಿಗೆ ಪುಸ್ತಕ ಓದುತ್ತ ಕೂತರು, ತಟ್ಟೆ ನೆಕ್ಕಿದರು. ಊಟ ಮತ್ತೆ ಸಿಕ್ಕಾಗ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲಾಗಲಿಲ್ಲ.

‘ಇವರಿಗೆಲ್ಲ ಮೊದಲೇ ಡಿಪ್ರೆಷನ್ ಇರಲಿಲ್ಲವಾ?’

‘ಇಲ್ಲ ಸರ್. ಇರುವವರನ್ನು ಮೊದಲೇ ಸೋಸಿ ತೆಗೆದಿದ್ದರು.’

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ‘ಹಾಗಾದ್ರೆ ಹಸಿವೇ ಇಂಡಿಪೆಂಡೆಂಟ್ ವೇರಿಯಬಲ್ಲು, ಅದೇ ಮೂಲ ಕಾರಣ.’ ಪೂರ್ತಿ ಅಲ್ಲ ಎಂದೆ. ನಿಮ್ಮ ಮಗಳಲ್ಲಿ ಚಕ್ರ ಎರಡೂ ಕಡೆಯಿಂದ ಉರುಳುತ್ತದೆ. ಮನಸ್ಸು ಕುಗ್ಗಿದಾಗ ತಿನ್ನುವುದು ಬಿಡುತ್ತಾಳೆ, ಬಿಟ್ಟಿದ್ದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಮೊದಲು ಯಾವುದನ್ನು ಸರಿಮಾಡಬೇಕು ಎಂದು ಕೇಳಿದರೆ, ಕೈಗೆ ಸಿಗುವುದನ್ನು. ಬೇಸರ ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ಎಂಟರ ಇಡ್ಲಿ ಸಿಗುತ್ತದೆ.

ಸಲಹೆ ನಿಜವಾಗಿ ಅಷ್ಟೇ ಸರಳವಾಗಿತ್ತು, ಮಾಡಲು ಅಷ್ಟೇ ಕಷ್ಟ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ, ಯೋಚನೆ ಮತ್ತು ನಡವಳಿಕೆ ತಿದ್ದುವ ಸಿಬಿಟಿ ಎಂಬ ಚಿಕಿತ್ಸೆಯ ವಿಧಾನದಲ್ಲಿ ಮೊದಲ ಮೆಟ್ಟಿಲು ಇದೇ: ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ಸಣ್ಣ ತಿನಿಸು, ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಖಾಲಿ ಬಿಡುವಂತಿಲ್ಲ. ಹಸಿವಾಗಲಿ ಆಗದಿರಲಿ, ಹಿಂದಿನ ರಾತ್ರಿ ಏನೇ ಆಗಿರಲಿ. ‘ರಾತ್ರಿ ಅಷ್ಟು ತಿಂದು ಬೆಳಿಗ್ಗೆ ಮತ್ತೆ ತಿನ್ನೋದಾ?’ ಎಂದು ಸಿಂಧು ಗಾಬರಿಯಾದಳು. ಹೌದು. ರಾತ್ರಿಯ ಬೀಜ ಇರುವುದು ಬೆಳಗಿನ ಖಾಲಿ ಹೊಟ್ಟೆಯಲ್ಲಿ. ವಾಂತಿ ನಿಲ್ಲಿಸು ಎಂದು ನಾನು ಮೊದಲ ತಿಂಗಳು ಹೇಳಲೇ ಇಲ್ಲ, ಬೆಳಿಗ್ಗೆ ತಿನ್ನು ಎಂದಷ್ಟೇ ಹೇಳಿದೆ. ಒಪ್ಪತ್ತುಗಳನ್ನು ಸದ್ಯಕ್ಕೆ ನಿಲ್ಲಿಸಲು ಅಜ್ಜಿಯ ಒಪ್ಪಿಗೆ ಬೇಕಿತ್ತು. ಕಾಯಿಲೆಯವರಿಗೆ ವ್ರತದಲ್ಲಿ ವಿನಾಯಿತಿ ಇದೆ ಎಂದು ಅಜ್ಜಿಯೇ ಹೇಳಿ ನನ್ನ ಕೆಲಸ ಹಗುರ ಮಾಡಿದರು. ಮನೆಯ ತೂಕದ ಯಂತ್ರ ಅಟ್ಟಕ್ಕೆ ಹೋಯಿತು. ಫೋನಿನ ಕ್ಯಾಲೊರಿ ಆಪ್ ಅಳಿಸಲು ಮಾತ್ರ ಏಳು ವಾರ ಬೇಕಾಯಿತು.

ಮಾತಿನ ಕೆಲಸ ನಡೆದದ್ದು ‘ಒಂಥರಾ’ದ ಸುತ್ತ. ತನಗೇನಾಗುತ್ತಿದೆ ಎಂದು ಪದದಲ್ಲಿ ಹಿಡಿಯಲಾಗದ ಸ್ಥಿತಿಗೆ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯ 1970ರ ದಶಕದಲ್ಲಿ ಅಲೆಕ್ಸಿಥೈಮಿಯಾ ಎಂದು ಹೆಸರಿಟ್ಟ; ಈಟಿಂಗ್ ಡಿಸಾರ್ಡರ್, ಎಂದರೆ ಬುಲೀಮಿಯಾದಂಥ ಊಟದ ಕಾಯಿಲೆ ಇರುವವರಲ್ಲಿ ಇದು ಎದ್ದು ಕಾಣುತ್ತದೆ. ಗ್ರೀಕ್ ಪದ ಅವಳಿಗೇಕೆ? ನಮ್ಮ ‘ಒಂಥರಾ’ವೇ ಸಾಕಿತ್ತು. ಆ ಪದ ನಾಲಿಗೆಗೆ ಬಂದಾಗೆಲ್ಲ ಮೂರು ಸಂಗತಿ ಬರೆಯಬೇಕು: ಮೈಯಲ್ಲಿ ಎಲ್ಲಿ, ಅದಕ್ಕೆ ಒಂದು ಗಂಟೆ ಮುಂಚೆ ಏನಾಯಿತು, ಇನ್ನೊಂದು ಪದ ಹೇಳುವುದಾದರೆ ಯಾವುದು. ಎರಡು ವಾರ ಮೂರನೆಯ ಕಾಲಂ ಖಾಲಿ. ಮೂರನೆಯ ವಾರ ಒಂದು ಪದ ಬಂತು: ‘ಸಂಕಟ.’

ಬಂದದ್ದೂ ಎಂಥ ಪದ! ಕನ್ನಡದಲ್ಲಿ ವಾಂತಿ ಬರುವ ಹಾಗಾದರೂ ಸಂಕಟ, ಮನಸ್ಸು ನೊಂದರೂ ಸಂಕಟ. ನಮ್ಮ ಭಾಷೆ ಮನಸ್ಸನ್ನು ಹೊಟ್ಟೆಯಲ್ಲೇ ಇಟ್ಟಿದೆ. ಸಿಟ್ಟು ನುಂಗಿಕೊಳ್ಳುತ್ತೇವೆ, ಅವಮಾನ ನುಂಗುತ್ತೇವೆ, ಬೇರೆಯವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ, ತಾಳಲಾಗದೆ ಹೋದಾಗ ಕಾರುತ್ತೇವೆ. ಈ ಮಾತುಗಳನ್ನು ಬಿಳಿ ಹಲಗೆಯ ಮೇಲೆ ಬರೆಯುತ್ತ ಹೋದೆ. ಸಿಂಧು ಬಹಳ ಹೊತ್ತು ನೋಡಿ, ‘ನಮ್ಮನೇಲಿ ನುಂಗೋದು ಮಾತ್ರ ಅಲೋಡ್’ ಎಂದಳು. ಅಪ್ಪ ಕೂಗಿದರೆ ಎಲ್ಲರೂ ಸುಮ್ಮನಾಗುವ ಮನೆ. ಬೆಂಗಳೂರಿನಲ್ಲಿ ಓದುತ್ತಿದ್ದ ಅಕ್ಕ ಊಟದ ಹೊತ್ತಿಗೆ ಫೋನ್ ಮಾಡುತ್ತಿದ್ದಳು, ಸ್ಪೀಕರಿನಲ್ಲಿ. ಅಕ್ಕನ ಅಂಕ, ಅಕ್ಕನ ಇಂಟರ್ನ್‌ಶಿಪ್ಪು. ಹಾಳೆಗಳಲ್ಲಿ ಎರಡನೆಯ ಕಾಲಂ ನೋಡಿದರೆ ರಾತ್ರಿ ಹನ್ನೊಂದರ ದಾರಿ ಎಂಟೂವರೆಯ ಆ ಫೋನಿನಿಂದಲೇ ಶುರುವಾಗುತ್ತಿತ್ತು. ಅಕ್ಕ ಎಂದರೆ ಪ್ರಾಣ ಎಂದೂ ಅವಳು ಹೇಳುತ್ತಿದ್ದಳು. ಅದೂ ಸುಳ್ಳಲ್ಲ.

ಇಷ್ಟರಲ್ಲಿ ಮನೋವೈದ್ಯರ ಚಿಕಿತ್ಸೆಯೂ ಶುರುವಾಗಿತ್ತು. ಬುಲೀಮಿಯಾಕ್ಕೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮಾತ್ರೆ ಫ್ಲುಯೊಕ್ಸೆಟಿನ್ ಒಂದೇ. ಖಿನ್ನತೆಗೂ ಅದೇ ಆಗುತ್ತದೆ. ಸಹಜವಾಗಿ ಅದನ್ನೇ ಕೊಟ್ಟರು. ಹಿಂದೆಂದಾದರೂ ವಿಪರೀತ ಹುರುಪಿನ ದಿನಗಳಿದ್ದವೇ ಎಂದು ಕೇಳಿಯೇ ಕೊಟ್ಟಿದ್ದರು. ಸಿಂಧು ಇಲ್ಲವೆಂದಳು. ಅಮ್ಮ ‘ಮೊದಲೆಲ್ಲ ತುಂಬಾ ಚುರುಕಾಗಿದ್ದಳು’ ಎಂದರು.

ದಸರಾ ಹೊತ್ತಿಗೆ ಹುಡುಗಿ ಬೇರೆಯೇ ಆಗಿಬಿಟ್ಟಳು. ಒಂಬತ್ತು ಮೆಟ್ಟಿಲ ಗೊಂಬೆ ಒಬ್ಬಳೇ ಕೂರಿಸಿದಳು. ಮೂರು ಆನ್‌ಲೈನ್ ಕೋರ್ಸಿಗೆ ಸೇರಿದಳು. ಅಪ್ಪನ ಯುಪಿಐನಿಂದ ಬಟ್ಟೆ ಬಂದವು, ವಾಪಸು ಹೋದವು, ಮತ್ತೆ ಬಂದವು. ವಾಂತಿ ಇಲ್ಲ, ರಾತ್ರಿಯ ತಿನ್ನಾಟ ಇಲ್ಲ. ಮನೆಯವರಿಗೆ ಹಬ್ಬವೋ ಹಬ್ಬ. ನಾನೂ ಖುಷಿಪಟ್ಟೆ, ಒಂದು ವಾರ. ಆಮೇಲೆ ಅವಳು ನಿದ್ದೆ, ದಣಿವು, ಊಟ ಬರೆದಿಡುತ್ತಿದ್ದ ಹಾಳೆ ನೋಡಿದರೆ ನಿದ್ದೆಯ ಕಾಲಂನಲ್ಲಿ ಮೂರು, ಮೂರು, ಎರಡೂವರೆ ಗಂಟೆ. ದಣಿವಿನ ಕಾಲಂನಲ್ಲಿ ‘ಇಲ್ಲವೇ ಇಲ್ಲ’. ಊಟ ಮೂರು ಹೊತ್ತಿನಿಂದ ಒಂದಕ್ಕೆ ಇಳಿದಿತ್ತು. ಹಸಿವೇ ಆಗುವುದಿಲ್ಲ, ಹಗುರ ಅನ್ನಿಸುತ್ತದೆ ಎಂದು ಬರೆದಿದ್ದಳು.

ಎಲ್ಲ ಹಾಳೆಗಳನ್ನೂ ನೆಲದ ಮೇಲೆ ಸಾಲಾಗಿ ಹರಡಿ, ಅಮ್ಮನನ್ನೂ ಕರೆಸಿ, ಹಾಳೆಗೂ ಮುಂಚಿನದನ್ನು ನೆನಪಿಸಿಕೊಳ್ಳುತ್ತ ಹಿಂದಕ್ಕೆ ಹೋದೆವು. ಪಿಯುಸಿಯ ಫೆಬ್ರುವರಿ: ರಾತ್ರಿಯಿಡೀ ರಂಗೋಲಿ, ಬೀದಿಯ ಆ ತುದಿಯವರೆಗೂ. ಆಗಲೇ ಮೊದಲ ಒಪ್ಪತ್ತು. ಬಿಎಸ್ಸಿ ಮೊದಲ ವರ್ಷ: ಹತ್ತು ದಿನ ನಿದ್ದೆಯಿಲ್ಲದೆ ಕಾಲೇಜು ಫೆಸ್ಟಿನ ಕೆಲಸ, ಎಲ್ಲರ ಮೇಲೂ ರೇಗಾಟ, ಆಮೇಲೆ ಒಂದೂವರೆ ತಿಂಗಳು ಮುಸುಕು ಹಾಕಿ ಮಲಗಿದ್ದು. ಏರಿದಾಗ ಉಪವಾಸ ಸಲೀಸು. ಇಳಿದಾಗ ಉಪವಾಸ ಮುರಿದು ರಾತ್ರಿಯ ತಿನ್ನಾಟ. ಮನೆಯವರು ‘ಸರಿಯಾಗಿದ್ದ ದಿನಗಳು’ ಎಂದು ಲೆಕ್ಕ ಹಾಕಿದ್ದು ಕಾಯಿಲೆಯ ಇನ್ನೊಂದು ಮುಖ. ಹಾಳೆಗಳ ಫೋಟೊ ತೆಗೆದು ಅವತ್ತೇ ಮನೋವೈದ್ಯರಿಗೆ ಕಳಿಸಿದೆ. ಕನಿಷ್ಠ ನಾಲ್ಕು ದಿನ ನಿಲ್ಲುವ ಇಂಥ ಏರಿಕೆ, ಜೊತೆಗೆ ಖಿನ್ನತೆಯ ಇಳಿತ ಎರಡೂ ಇದ್ದರೆ ಅದು ಮನಸ್ಸು ಏರಿಳಿಯುವ ಕಾಯಿಲೆ, ಬೈಪೋಲಾರ್‌ನ ಎರಡನೆಯ ಬಗೆ. ಮಾತ್ರೆಗೆ ಮುಂಚೆಯೇ ಎರಡು ಸಲ ಹೀಗಾಗಿದ್ದರಿಂದ ಅವರಿಗೆ ಅನುಮಾನ ಉಳಿಯಲಿಲ್ಲ.

ಎರಡು ಕಾಯಿಲೆ ಒಬ್ಬರಲ್ಲೇ ಇದ್ದರೆ ಮಾತ್ರೆ ಆರಿಸುವುದು ಎಷ್ಟು ತೊಡಕು ಎಂದು ನನಗೆ ಮನದಟ್ಟಾದದ್ದು ಆಗ. ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಮೂಡು ಮೇಲಕ್ಕೆ ಚಿಮ್ಮಬಹುದು. ಲಿಥಿಯಂ ಹಳೆಯ, ನಂಬಿಕೆಯ ಔಷಧಿ. ಆದರೆ ವಾಂತಿಯಿಂದ ಮೈಯ ನೀರು, ಉಪ್ಪು ಇಳಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಇನ್ನು ಕೆಲವು ಹಸಿವನ್ನೂ ತೂಕವನ್ನೂ ಏರಿಸುತ್ತವೆ; ಸಿಂಧುವಿನಂಥವರು ಮೂರನೇ ದಿನಕ್ಕೆ ಕಸದ ಬುಟ್ಟಿಗೆ ಹಾಕುತ್ತಾರೆ. ಮತ್ತೊಂದು, ಮುಂದೆ ತಾಯಿಯಾಗಬಹುದಾದ ಹುಡುಗಿಯರಿಗೆ ಕೊಡಲು ಹಿಂಜರಿಯುವಂಥದ್ದು. ಕೊನೆಗೆ ಆರಿಸಿದ್ದರ ಹೆಸರು ಬರೆಯುವುದಿಲ್ಲ, ಓದಿದವರು ಚೀಟಿಯಿಲ್ಲದೆ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ವಾರವಾರ ಸ್ವಲ್ಪಸ್ವಲ್ಪವೇ ಏರಿಸಬೇಕಾದದ್ದು. ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಉಳಿಯಬೇಕಲ್ಲ, ಹಾಗಾಗಿ ತೆಗೆದುಕೊಳ್ಳುವ ಹೊತ್ತನ್ನೂ ನಾವು ಮೂವರು ಕೂತು ಗೊತ್ತುಮಾಡಿದೆವು: ತಿನ್ನಾಟದ ಅಪಾಯ ಕಡಿಮೆಯಿರುವ ಬೆಳಿಗ್ಗೆ, ತಿಂಡಿಯ ನಂತರ.

ಅಮ್ಮನಿಗೆ ನಾನು ಹೇಳಿದ್ದು ಕೆಲವೇ ಮಾತು. ಬಲವಂತವಾಗಿ ಬಡಿಸಬೇಡಿ, ತಟ್ಟೆ ಎಣಿಸಬೇಡಿ. ಮೈಯ ಬಗ್ಗೆ ಒಳ್ಳೆಯ ಮಾತೂ ಬೇಡ; ‘ಈಗ ಕಳೆ ಬಂದಿದೆ’ ಎಂಬುದನ್ನು ಅವಳ ಕಿವಿ ‘ದಪ್ಪಗಾದೆ’ ಎಂದೇ ಕೇಳಿಸಿಕೊಳ್ಳುತ್ತದೆ. ಬಚ್ಚಲ ಬಾಗಿಲಲ್ಲಿ ಕಾವಲು ನಿಲ್ಲಬೇಡಿ. ಬದಲಿಗೆ ಊಟವಾದ ಮೇಲೆ ಒಂದು ಗಂಟೆ ಅವಳ ಜೊತೆ ಏನಾದರೂ ಕೈಕೆಲಸ ಇಟ್ಟುಕೊಳ್ಳಿ. ತಿಂದ ಮೇಲಿನ ಆ ತಳಮಳ ಅಲೆಯಂತೆ ಏರಿ ತಾನಾಗಿಯೇ ಇಳಿಯುತ್ತದೆ. ಅಷ್ಟು ಹೊತ್ತು ಯಾರಾದರೂ ಪಕ್ಕದಲ್ಲಿದ್ದರೆ ಸಾಕು.

ಅಮ್ಮ ಆರಿಸಿದ್ದು ಅವರೆಕಾಯಿ. ಪುಷ್ಯದ ಸೊಗಡವರೆ ಕಾಲ. ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಪೇಪರು ಹಾಸಿ, ನೆನೆಸಿದ ಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ತಾಯಿ, ಮಗಳು, ಅಜ್ಜಿ ಹಿತುಕುತ್ತಿದ್ದರು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಸಿಂಧುವಿನ ಹಣೆಯಲ್ಲಿ ಸಣ್ಣಗೆ ಬೆವರು. ಎಂಟೂವರೆಗೆ ಊಟ ಮುಗಿದಿತ್ತು. ಒಂಬತ್ತಕ್ಕೆ ಒಮ್ಮೆ ಎದ್ದು ನಿಂತಳು, ಬಚ್ಚಲ ಕಡೆ ನೋಡಿದಳು. ಅಜ್ಜಿ ತಲೆ ಎತ್ತದೆ ‘ಈ ಬಟ್ಟಲು ತುಂಬಲಿ ಕೂತ್ಕೊ’ ಎಂದರು. ಕೂತಳು. ಒಂಬತ್ತೂ ಮುಕ್ಕಾಲಿಗೆ ಅವಳ ಭುಜ ಇಳಿದದ್ದು ನನಗೆ ಕಂಡಿತು. ಮೇಷ್ಟ್ರು ಒಳಗಿನಿಂದ ಬಂದು, ಯಾರೂ ಕರೆಯದೆ, ನಾಲ್ಕನೆಯವರಾಗಿ ಕೂತು ಹಿತುಕತೊಡಗಿದರು. ಅವರಿಗೆ ಬರುವುದಿಲ್ಲ, ಕಾಳು ಸೋಫಾ ಕೆಳಗೆ ಹಾರಿತು.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳು. ಫೆಬ್ರುವರಿಯಲ್ಲಿ ಸೋದರತ್ತೆಯ ಮಗಳ ನಿಶ್ಚಿತಾರ್ಥದಲ್ಲಿ ದೊಡ್ಡಮ್ಮ ಮತ್ತೆ ಸಿಕ್ಕರು, ಕೆನ್ನೆ ಮತ್ತೆ ಗಿಂಡಿದರು. ಆ ವಾರ ನಾಲ್ಕು ರಾತ್ರಿ ನಲ್ಲಿ ಓಡಿತು. ವ್ಯತ್ಯಾಸವೆಂದರೆ ಐದನೆಯ ದಿನ ಅವಳೇ ಫೋನ್ ಮಾಡಿದಳು, ಮತ್ತು ಆ ನಾಲ್ಕು ಬೆಳಿಗ್ಗೆಯೂ ತಿಂಡಿ ತಿಂದಿದ್ದಳು. ಯುಗಾದಿಗೆ ಹೋಳಿಗೆಯ ಯೋಜನೆ ಮೊದಲೇ ಹಾಕಿದೆವು: ಎಲೆಯ ಮುಂದೆ ಕೂತು, ಎಲ್ಲರ ಜೊತೆ, ತುಪ್ಪ ಹಾಕಿಸಿಕೊಂಡು. ಉಳಿದ ಹೋಳಿಗೆ ಪಕ್ಕದ ಮನೆಗೆ. ಒಂದು ವರ್ಷದ ಮೇಲೆ ಪಿಎಚ್‌ಕ್ಯೂ-9 ಮತ್ತೆ ಕೊಟ್ಟಾಗ 6 ಬಂತು. ಐದನೆಯ ಪ್ರಶ್ನೆಯಲ್ಲಿ ಅವಳೇ ‘ಹಸಿವಾಗದಿರುವುದು’ ಎಂಬುದನ್ನು ಹೊಡೆದುಹಾಕಿ, ‘ಅತಿಯಾಗಿ ತಿನ್ನುವುದು’ ಎಂಬುದಕ್ಕೆ ಗೆರೆ ಎಳೆದು, ‘ಕೆಲವು ದಿನ’ ಎಂದು ಗುರುತು ಹಾಕಿದ್ದಳು. ಮಾತ್ರೆ ನಡೆಯುತ್ತಿದೆ, ನಿದ್ದೆಯ ಕಾಲಂ ಈಗ ಅಮ್ಮನೂ ನೋಡುತ್ತಾರೆ. ನಾನು ಅಂದಿನಿಂದ ಹೊಸಬರು ಯಾರೇ ಬಂದರೂ ‘ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ, ಎಷ್ಟು ಹೊತ್ತಿಗೆ’ ಎಂದು ಕೇಳುತ್ತೇನೆ. ವಿಚಿತ್ರವಾಗಿ ನೋಡುತ್ತಾರೆ.

ಕಳೆದ ತಿಂಗಳು ಒಂದು ರಾತ್ರಿ ಒಂಬತ್ತಕ್ಕೆ ಸಿಂಧುವಿನ ಮೆಸೇಜು ಬಂತು. ‘ಅಕ್ಕಂಗೆ ಕೆಲಸ ಸಿಕ್ತು ಮೇಡಂ. ಈಗಷ್ಟೇ ಫೋನ್. ಒಂಥರಾ ಅಲ್ಲ. ಹೊಟ್ಟೆಕಿಚ್ಚು. ಅಮ್ಮನಿಗೂ ಹೇಳ್ದೆ.’

ಅಮ್ಮ ಏನೆಂದರು ಎಂದು ಕೇಳಿದೆ.

‘ನಕ್ಕರು. ಈಗ ಕೊಬ್ಬರಿ ತುರೀತಿದೀವಿ.’